ಹಿಮದ ಹಾದಿಯ ಶನಿವಾರಗಳು

ಬಾಸ್ಟನ್ ಮ್ಯಾರಥಾನ್ ಓಟ ಬಾಸ್ಟನ್ನಿನಲ್ಲಿ ಶುರುವಾಗುವುದಿಲ್ಲ. ಅಲ್ಲಿಂದ ಪಶ್ಚಿಮಕ್ಕೆ ನಲವತ್ತು ಚಿಲ್ಲರೆ ಕಿಲೋಮೀಟರ್ ದೂರದ ಹಾಪ್ಕಿಂಟನ್ ಎಂಬ ಸಣ್ಣ ಊರಿನಲ್ಲಿ ಶುರುವಾಗುತ್ತದೆ. ಊರ ನಡುವೆ ಒಂದು ಹುಲ್ಲಿನ ಬಯಲು, ಪಕ್ಕದಲ್ಲಿ ರಸ್ತೆ, ಆ ರಸ್ತೆಗೆ ಅಡ್ಡವಾಗಿ ಬಣ್ಣದಲ್ಲಿ ಬಳಿದ ಒಂದು ಗೆರೆ. ಅಷ್ಟೇ. ವರ್ಷವಿಡೀ ಆ ಗೆರೆಯ ಮೇಲೆ ಕಾರುಗಳು, ಹಳದಿ ಬಣ್ಣದ ಶಾಲಾ ಬಸ್ಸುಗಳು ಏನೂ ಗೊತ್ತಿಲ್ಲದವರ ಹಾಗೆ ಹಾದುಹೋಗುತ್ತವೆ. ಏಪ್ರಿಲ್ ತಿಂಗಳ ಮೂರನೆಯ ಸೋಮವಾರ ಮಾತ್ರ ಅಲ್ಲಿ ಸುಮಾರು ಮೂವತ್ತು ಸಾವಿರ ಜನ ಬಂದು ನಿಲ್ಲುತ್ತಾರೆ. ಆ ದಿನ ಆ ರಾಜ್ಯಕ್ಕೆಲ್ಲ ರಜೆ. 1775ರ ಏಪ್ರಿಲ್ 19ರಂದು ಬ್ರಿಟಿಷರ ವಿರುದ್ಧ ಮೊದಲ ಗುಂಡು ಹಾರಿದ್ದು ಇದೇ ಸೀಮೆಯಲ್ಲಿ. ಅದರ ನೆನಪಿನ ಹಬ್ಬಕ್ಕೇ ಓಟವನ್ನು ಗಂಟು ಹಾಕಿದ್ದಾರೆ.

ನಾನು ಆ ಗೆರೆಯನ್ನು ನೋಡಿದ್ದು ಡಿಸೆಂಬರಿನಲ್ಲಿ. ಅರ್ಧ ಗೆರೆ ಹಿಮದ ಕೆಳಗೆ ಹೂತಿತ್ತು, ಉಳಿದರ್ಧದ ಮೇಲೆ ಉಪ್ಪು ಚೆಲ್ಲಿದ್ದರು. ಮೊಮ್ಮಗ ಬೂಟಿನಿಂದ ಹಿಮವನ್ನು ಸರಿಸಿ, "ಅಜ್ಜಿ, ಇಲ್ಲಿ ನಿಲ್ಲು, ಫೋಟೊ ತೆಗೀತೀನಿ" ಎಂದ. ಸೀರೆಯ ಮೇಲೆ ಅಳಿಯನ ದಪ್ಪ ಕೋಟು, ತಲೆಗೆ ಉಣ್ಣೆಯ ಟೊಪ್ಪಿಗೆ, ಕಾಲಿಗೆ ಮಗಳ ಹಿಮದ ಬೂಟು. ಆ ಫೋಟೊ ನೋಡಿ ಧಾರವಾಡದ ನಮ್ಮ ಓಣಿಯವರು ಇಂದಿಗೂ ನಗುತ್ತಾರೆ.

ಅಕ್ಟೋಬರಿನಲ್ಲಿ ನಾನು ಅಲ್ಲಿಗೆ ಹೋದಾಗ ಪಾಸ್‌ಪೋರ್ಟಿನ ಮೇಲೆ ಆರು ತಿಂಗಳ ಮುದ್ರೆ ಬಿತ್ತು. ಬೆರಳು ಮಡಚಿ ಲೆಕ್ಕ ಹಾಕಿದರೆ ಏಪ್ರಿಲ್ ಮೊದಲ ವಾರಕ್ಕೆ ವಾಪಸ್. ಮಗಳ ಓಟ ಏಪ್ರಿಲ್ ಮೂರನೆಯ ವಾರ. ಅಂದರೆ ಓಟ ನನ್ನ ಹಣೆಯಲ್ಲಿ ಬರೆದಿರಲಿಲ್ಲ. ನನಗೆ ಸಿಕ್ಕಿದ್ದು ಅದರ ಹಿಂದಿನ ಚಳಿಗಾಲ, ಅದರ ಶನಿವಾರಗಳು.

ಮ್ಯಾರಥಾನ್ ಎಂದರೆ 42 ಕಿಲೋಮೀಟರು 195 ಮೀಟರು. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ತಿರುಗಿ ಮನೆಗೆ ಬಂದರೂ ಇನ್ನೂ ಸ್ವಲ್ಪ ಉಳಿಯುವಷ್ಟು. ಇಷ್ಟು ದೂರ ಓಡಲು ನಾಲ್ಕು ತಿಂಗಳ ತಯಾರಿ ಬೇಕು. ಏಪ್ರಿಲಿನಿಂದ ಹಿಂದಕ್ಕೆ ಎಣಿಸಿದರೆ ಡಿಸೆಂಬರಿನಲ್ಲಿ ಶುರು ಮಾಡಬೇಕು. ಬಾಸ್ಟನ್ನಿನವರ ಕಷ್ಟ ಇಲ್ಲೇ ಇದೆ. ಓಟ ವಸಂತದಲ್ಲಿ, ಅಭ್ಯಾಸವೆಲ್ಲ ಹಿಮದಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಬೆಳಿಗ್ಗೆ ಏಳರ ಮೇಲೆ ಹುಟ್ಟಿ, ಸಂಜೆ ನಾಲ್ಕೂಕಾಲಕ್ಕೆಲ್ಲ ಮುಳುಗುತ್ತಾನೆ. ಆಫೀಸಿನಿಂದ ಬರುವಷ್ಟರಲ್ಲಿ ಕಗ್ಗತ್ತಲೆ. ಹಾಗಾಗಿ ವಾರದಲ್ಲಿ ಮೂರು ದಿನ ಸಣ್ಣ ಓಟ, ಶನಿವಾರ ಬೆಳಿಗ್ಗೆ ಉದ್ದ ಓಟ.

ನನ್ನ ಮಗಳಿಗೆ ಆಗ ನಲವತ್ತನಾಲ್ಕು. ಶಾಲೆಯಲ್ಲಿದ್ದಾಗ ಪಿ.ಟಿ. ಪಿರಿಯಡ್ಡಿಗೆ ಹೊಟ್ಟೆನೋವು ಎಂದು ಕೂರುತ್ತಿದ್ದ ಹುಡುಗಿ. ಬಾಸ್ಟನ್ ಓಟಕ್ಕೆ ಸುಮ್ಮನೆ ಹೆಸರು ಕೊಟ್ಟರೆ ಸೇರಿಸಿಕೊಳ್ಳುವುದಿಲ್ಲ. ಬೇರೊಂದು ಮ್ಯಾರಥಾನನ್ನು ಗೊತ್ತುಪಡಿಸಿದ ಸಮಯದೊಳಗೆ ಓಡಿ ಮುಗಿಸಿರಬೇಕು. ವಯಸ್ಸಿಗೆ ತಕ್ಕ ಸಮಯ. ಎಂಬತ್ತು ದಾಟಿದ ಗಂಡಸರಿಗೆ 4 ಗಂಟೆ 50 ನಿಮಿಷ, ಎಂಬತ್ತು ದಾಟಿದ ಹೆಂಗಸರಿಗೆ 5 ಗಂಟೆ 20 ನಿಮಿಷ. (ಇದನ್ನು ಓದುತ್ತಿರುವ ಅಜ್ಜಂದಿರು ಗಮನಿಸಬೇಕು.) ಅಷ್ಟು ವೇಗ ಇಲ್ಲದವರು ಯಾವುದಾದರೂ ಸೇವಾಸಂಸ್ಥೆಗೆ ಹಣ ಕೂಡಿಸಿಕೊಟ್ಟು, ಅದರ ಹೆಸರಿನಲ್ಲಿ ಓಡಬಹುದು. ಮಗಳು ಹಾಗೆ ಓಡುವವಳು. ಸಕ್ಕರೆ ಕಾಯಿಲೆಯ ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಯೊಂದನ್ನು ಆರಿಸಿಕೊಂಡಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ. ಅವಳಪ್ಪನ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದದ್ದು ಅದೇ ಕಾಯಿಲೆಯಿಂದ. ಆಗ ಅವಳು ಕಾಲೇಜಿನಲ್ಲಿದ್ದಳು.

ಮೊದಲ ಶನಿವಾರ ಅವಳು ಹೊರಟ ವೇಷ ನೋಡಿ ನನಗೆ ಜೀವವೇ ಹಾರಿತು. ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ. ಇವಳ ಮೈಮೇಲೆ ತೆಳ್ಳಗಿನ ಎರಡು ಅಂಗಿ, ಒಂದು ಗಾಳಿ ತಡೆಯುವ ಜಾಕೀಟು.

"ಏನವ್ವ ಇದು, ಒಂದು ಸ್ವೆಟರ್ ಆದರೂ ಹಾಕ್ಕೊ. ಇಂಥಾ ಥಂಡಿಯೊಳಗ ನಾಯಿ ಸುದ್ದಾ ಹೊರಗ ಬರಂಗಿಲ್ಲ."

"ನಾಯಿ ಬರ್ತಾವ ಬೇ. ನೋಡೀಯಂತ ಬಾ, ಸ್ವೆಟರ್ ಹಾಕ್ಕೊಂಡು, ಬೂಟ್ ಹಾಕ್ಕೊಂಡು ಬರ್ತಾವ."

ಅದು ನಿಜವೇ ಆಗಿತ್ತು. ರಸ್ತೆಗೆ ಹಾಕಿದ ಉಪ್ಪು ಪಂಜಕ್ಕೆ ಉರಿಯುತ್ತದೆಂದು ಅಲ್ಲಿ ನಾಯಿಗಳಿಗೂ ಪುಟ್ಟ ಬೂಟು ತೊಡಿಸುತ್ತಾರೆ.

ಕಡಿಮೆ ಬಟ್ಟೆಯ ಗುಟ್ಟು ಆಮೇಲೆ ತಿಳಿಯಿತು. ಓಡತೊಡಗಿದ ಹತ್ತು ನಿಮಿಷಕ್ಕೆ ಮೈ ಒಲೆಯಾಗುತ್ತದೆ. ಹೊರಗಿನ ಚಳಿಗಿಂತ ಹತ್ತು ಡಿಗ್ರಿ ಬೆಚ್ಚಗಿದೆ ಎಂದುಕೊಂಡೇ ಬಟ್ಟೆ ಹಾಕಬೇಕಂತೆ. ಮನೆ ಬಾಗಿಲಲ್ಲಿ ನಿಂತಾಗ ಸ್ವಲ್ಪ ನಡುಗಿದರೆ ಸರಿಯಾಗಿ ಹಾಕಿಕೊಂಡಿದ್ದೀರಿ ಎಂದರ್ಥ. ಹೆಚ್ಚು ಹಾಕಿದರೆ ಬೆವರುತ್ತೀರಿ. ಆ ಬೆವರೇ ಚಳಿಗಾಲದ ವೈರಿ. ಹತ್ತಿ ಬಟ್ಟೆ ಬೆವರನ್ನು ಹೀರಿ ಒದ್ದೆಯಾಗಿ ಮೈಗೆ ಅಂಟುತ್ತದೆ, ನಿಂತ ಗಳಿಗೆಯಲ್ಲಿ ಮಂಜುಗಡ್ಡೆಯಂತೆ ಕೊರೆಯುತ್ತದೆ. ನಮ್ಮ ಸೆಕೆಗೆ ದೇವರಂಥ ಹತ್ತಿ ಅಲ್ಲಿ ಕೆಲಸಕ್ಕೆ ಬಾರದು. ಒಳಗೆ ತೆಳು ಉಣ್ಣೆ, ಅದರ ಮೇಲೆ ಇನ್ನೊಂದು, ಹೊರಗೆ ಗಾಳಿ ತಡೆಯುವ ಪದರ, ಉಳ್ಳಾಗಡ್ಡಿಯ ಹಾಗೆ. ಬೆರಳು ಬೇರೆಬೇರೆ ಇರುವ ಕೈಗವಸಿಗಿಂತ ನಾಲ್ಕೂ ಬೆರಳು ಒಂದೇ ಚೀಲದಲ್ಲಿರುವ ಕೈಗವಸು ಬೆಚ್ಚಗೆ. ಬೆರಳುಗಳು ಒಂದಕ್ಕೊಂದು ಶಾಖ ಕೊಟ್ಟುಕೊಳ್ಳುತ್ತವೆ. ಕೆನ್ನೆಗೆ, ಮೂಗಿಗೆ ವ್ಯಾಸಲೀನು. ಓಡಿ ಬಂದಾಗ ರೆಪ್ಪೆಗೂದಲ ಮೇಲೆ, ಟೊಪ್ಪಿಗೆಯ ಅಂಚಿನಲ್ಲಿ, ಅವಳ ಉಸಿರೇ ಹೆಪ್ಪುಗಟ್ಟಿ ಬೆಳ್ಳಗೆ ಕೂತಿರುತ್ತಿತ್ತು. "ಅಮ್ಮ ಅಜ್ಜಿ ಆದಳು" ಎಂದು ಮೊಮ್ಮಗ ಕೇಕೆ ಹಾಕುತ್ತಿದ್ದ.

ಉಪ್ಪಿನ ಮಾತು ಬಂತಲ್ಲ, ಮಕ್ಕಳಿಗೆ ಅದನ್ನು ಹೇಳಿಬಿಡುತ್ತೇನೆ. ಹಿಮ ಬೀಳುವ ಮುನ್ಸೂಚನೆ ಸಿಕ್ಕಿದ ಕೂಡಲೇ ಅಲ್ಲಿ ಲಾರಿಗಳು ರಸ್ತೆಗೆ ಉಪ್ಪು ಎರಚುತ್ತ ಹೋಗುತ್ತವೆ. ಬರೀ ನೀರು ಸೊನ್ನೆ ಡಿಗ್ರಿಗೆ ಗಟ್ಟಿಯಾಗುತ್ತದೆ. ಉಪ್ಪುನೀರು ಅದಕ್ಕಿಂತ ಕೆಳಗಿಳಿದರೂ ನೀರಾಗಿಯೇ ಇರುತ್ತದೆ. ಮಡಕೆ ಕುಲ್ಫಿ ಮಾರುವವನು ಮಂಜುಗಡ್ಡೆಗೆ ಉಪ್ಪು ಬೆರೆಸುವುದೂ ಇದೇ ಗುಣದಿಂದ. ಆದರೆ ಚಳಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದರೆ ಉಪ್ಪಿನ ಆಟವೂ ಅಷ್ಟಾಗಿ ನಡೆಯುವುದಿಲ್ಲ. ಆಗ ಹುಟ್ಟುವುದೇ ಕರಿ ಮಂಜು. ಹಗಲು ಕರಗಿದ ನೀರು ರಾತ್ರಿ ತೆಳ್ಳಗೆ ಗಾಜಿನಂತೆ ಗಟ್ಟಿಯಾಗಿ, ಕೆಳಗಿನ ಡಾಂಬರಿನ ಬಣ್ಣವನ್ನೇ ತೋರಿಸುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಹೆಜ್ಜೆ ಸಣ್ಣದು ಮಾಡಿ, ಪಾದವನ್ನು ಚಪ್ಪಟೆಯಾಗಿ ಇಟ್ಟು, ಬಾತುಕೋಳಿಯ ಹಾಗೆ ಹೋಗಬೇಕು. ಈ ಒಂದು ವಿದ್ಯೆಯನ್ನು ಮಗಳಿಗಿಂತ ನಾನೇ ಚೆನ್ನಾಗಿ ಕಲಿತೆ.

ನಮ್ಮ ವ್ಯವಸ್ಥೆ ಹೀಗಿತ್ತು. ಮಗಳು ಓಡುವುದು, ಅಳಿಯ ಕಾರು ನಡೆಸುವುದು, ಹಿಂದಿನ ಸೀಟಿನಲ್ಲಿ ನಾನು ಮತ್ತು ಹತ್ತು ವರ್ಷದ ಮೊಮ್ಮಗ. ಎಂಟು ಕಿಲೋಮೀಟರಿಗೊಮ್ಮೆ ಕಾರು ನಿಲ್ಲಿಸಿ ಕಾಯುವುದು. ಮೊಮ್ಮಗನ ಕೈಯಲ್ಲಿ ಒಂದು ನೋಟ್‌ಬುಕ್ಕು. ತಾರೀಖು, ದೂರ, ಚಳಿ ಎಷ್ಟು ಎಂದು ಬರೆಯುವುದು ಅವನ ಉದ್ಯೋಗ. ಅಲ್ಲಿ ಚಳಿಯನ್ನು ಫ್ಯಾರನ್‌ಹೀಟಿನಲ್ಲಿ ಹೇಳುತ್ತಾರೆ. 32 ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿ ನನಗೆ ತಿಳಿಯುವ ಡಿಗ್ರಿಗೆ ತರುವುದರಲ್ಲಿ ಅವನ ಗಣಿತ ಒಳ್ಳೇ ಚುರುಕಾಯಿತು. ನನ್ನ ಉದ್ಯೋಗ ಅಂಟಿನುಂಡೆ.

ಇದರದೊಂದು ಕಥೆ. ಉದ್ದ ಓಟದ ನಡುವೆ ಓಟಗಾರರು ಸಣ್ಣ ಪೊಟ್ಟಣದಲ್ಲಿ ಬರುವ ಸಿಹಿ ಅಂಟಿನಂಥದ್ದನ್ನು ಹಿಂಡಿಕೊಂಡು ನುಂಗುತ್ತಾರೆ. ಚಳಿಗೆ ಅದು ಗಟ್ಟಿಯಾಗಿ ಹಲ್ಲಿಗೆ ಬರುತ್ತಿರಲಿಲ್ಲ. ಬಾಟಲಿಯ ನೀರಿನ ಬಾಯಿಯೂ ಹೆಪ್ಪುಗಟ್ಟುತ್ತಿತ್ತು. ನಾನು ಊರಿನಿಂದ ಒಯ್ದಿದ್ದ ಅಂಟನ್ನು ತುಪ್ಪದಲ್ಲಿ ಹುರಿದು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ ಸೇರಿಸಿ, ಬೆಲ್ಲದ ಪಾಕದಲ್ಲಿ ಗೋಲಿಯಷ್ಟು ಗಾತ್ರದ ಉಂಡೆ ಕಟ್ಟಿದೆ. ಒಳ ಅಂಗಿಯ ಕಿಸೆಯಲ್ಲಿಟ್ಟುಕೊಂಡರೆ ಮೈಯ ಶಾಖಕ್ಕೆ ಮೆತ್ತಗಿರುತ್ತದೆ. "ಬಾಣಂತಿಗೆ ಮಾಡೋ ಉಂಡಿ ತಿಂದು ಓಡ್ತೀಯಲ್ಲ" ಎಂದು ನಾನು ನಕ್ಕರೆ, ಅವಳ ಜೊತೆ ಓಡುವ ಇಬ್ಬರು ಅಮೆರಿಕದ ಹೆಂಗಸರೂ ಕೈ ಚಾಚಿದರು. ಫೆಬ್ರವರಿಯ ಹೊತ್ತಿಗೆ ನಾನು ಮೂವರಿಗೆ ಕಟ್ಟುತ್ತಿದ್ದೆ.

ಉದ್ದ ಓಟ ಯಾಕೆ ಬೇಕು ಎನ್ನುವುದನ್ನು ಮಗಳು ನನಗೆ ಹಿಟ್ಟಿನ ಡಬ್ಬಿಯ ಲೆಕ್ಕದಲ್ಲಿ ತಿಳಿಸಿದಳು. ನಾವು ತಿಂದ ಅನ್ನ ರೊಟ್ಟಿಯ ಸತ್ವ ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಸ್ವಲ್ಪ ಜಮೆಯಾಗಿರುತ್ತದೆ. ಓಡಿದರೆ ಅದು ಸುಮಾರು 30 ಕಿಲೋಮೀಟರಿಗೆ ಖಾಲಿ. ಡಬ್ಬಿ ತಳ ಕಂಡಾಗ ಕಾಲು ಸೀಸವಾಗುತ್ತದೆ, ತಲೆ ಮಂಕಾಗುತ್ತದೆ. ಓಟಗಾರರು ಇದನ್ನು ಗೋಡೆಗೆ ಬಡಿಯುವುದು ಎನ್ನುತ್ತಾರೆ. ಪ್ರತಿವಾರ ದೂರವನ್ನು ಸ್ವಲ್ಪಸ್ವಲ್ಪ ಏರಿಸುತ್ತ ಹೋದರೆ ಡಬ್ಬಿಯೂ ಸ್ವಲ್ಪ ದೊಡ್ಡದಾಗುತ್ತದೆ, ಮೈ ತನ್ನ ಕೊಬ್ಬನ್ನೂ ಉರಿಸಲು ಕಲಿಯುತ್ತದೆ. ಡಿಸೆಂಬರಿನಲ್ಲಿ 16, ಜನವರಿಯಲ್ಲಿ 19, 22, ಆಮೇಲೊಂದು ವಾರ ಇಳಿಸಿ ವಿಶ್ರಾಂತಿ, ಮತ್ತೆ 26, 29. ಏರಿಸುವುದಕ್ಕಿಂತ ಇಳಿಸುವ ವಾರ ಕಷ್ಟ ಎನ್ನುತ್ತಿದ್ದಳು. ಬುದ್ಧಿವಂತರಿಗೆ ಸುಮ್ಮನಿರುವುದು ಕಷ್ಟವೇ.

ಹೀಗೆ ಶನಿವಾರ ಶನಿವಾರ ಒಂದೊಂದು ತುಂಡಾಗಿ ನಾನು ಆ ಹಾದಿಯನ್ನೆಲ್ಲ ನೋಡಿದೆ.

ಹಾಪ್ಕಿಂಟನ್ನಿನಿಂದ ರಸ್ತೆ ಜಾರುಬಂಡೆಯ ಹಾಗೆ ಇಳಿಯುತ್ತದೆ. ಆ ಊರಿನಲ್ಲಿ ಎರಡು ಪ್ರತಿಮೆಗಳು ನನಗೆ ಇಷ್ಟವಾದವು. ಒಂದು ಬಾಬಿ ಗಿಬ್ ಎಂಬಾಕೆಯದು. 1966ರಲ್ಲಿ ಹೆಂಗಸರು ಇಷ್ಟು ದೂರ ಓಡಲಾರರು ಎಂದು ಆಕೆಯ ಅರ್ಜಿಯನ್ನು ತಿರಸ್ಕರಿಸಿದ್ದರು. ಆಕೆ ಕ್ಯಾಲಿಫೋರ್ನಿಯಾದಿಂದ ದಿನಗಟ್ಟಲೆ ಬಸ್ಸಿನಲ್ಲಿ ಬಂದು, ಆ ಗೆರೆಯ ಹತ್ತಿರದ ಪೊದೆಯಲ್ಲಿ ಅಡಗಿ ಕೂತು, ಓಟ ಶುರುವಾದ ಮೇಲೆ ಗಂಡಸರ ನಡುವೆ ನುಸುಳಿ 3 ಗಂಟೆ 21 ನಿಮಿಷದಲ್ಲಿ ಮುಗಿಸಿದಳು. ಹೆಂಗಸರಿಗೆ ಅಧಿಕೃತವಾಗಿ ಅವಕಾಶ ಸಿಕ್ಕಿದ್ದು 1972ರಲ್ಲಿ. ಗಿಬ್ ಶಿಲ್ಪಿಯೂ ಹೌದು. ಆ ಪ್ರತಿಮೆಯನ್ನು ತಾನೇ ಮಾಡಿದಳು. ಇನ್ನೊಂದು ಡಿಕ್ ಹಾಯ್ಟ್ ಮತ್ತು ಅವರ ಮಗ ರಿಕ್ ಅವರದು. ಹುಟ್ಟಿನಿಂದಲೇ ಕೈಕಾಲು ಸ್ವಾಧೀನವಿಲ್ಲದ ಮಗನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಈ ತಂದೆ ಬಾಸ್ಟನ್ ಮ್ಯಾರಥಾನನ್ನು 32 ಸಲ ಓಡಿದರು. ಪ್ರತಿಮೆ ಇರುವುದು ಶಾಲೆಯ ಹತ್ತಿರ. ಅದೇ ಸರಿಯಾದ ಜಾಗ.

ಮುಂದಿನ ಊರು ಆಶ್‌ಲ್ಯಾಂಡ್. ಮಗಳ ಮನೆ ಇಲ್ಲೇ. 1897ರಲ್ಲಿ ಹದಿನೈದು ಜನರಿಂದ ಮೊದಲ ಓಟ ಶುರುವಾದದ್ದು ಈ ಊರಿನಲ್ಲಿ. ದೂರ ಸಾಲದು ಎಂದು 1924ರಲ್ಲಿ ಗೆರೆಯನ್ನು ಹಾಪ್ಕಿಂಟನ್ನಿಗೆ ಒಯ್ದರು. ಒಂದು ಕಾಲದಲ್ಲಿ ವಿದ್ಯುತ್ ಗಡಿಯಾರಗಳಿಗೆ ಹೆಸರಾದ ಊರು ಇದು, ಇಲ್ಲಿನ ಹೈಸ್ಕೂಲು ತಂಡದ ಹೆಸರೇ 'ಗಡಿಯಾರದವರು'. ಸೋಜಿಗವೆಂದರೆ ಓಟದ ರಸ್ತೆಯ ಮಗ್ಗುಲಲ್ಲೇ ಶ್ರೀ ಲಕ್ಷ್ಮೀ ದೇವಸ್ಥಾನವಿದೆ. ನಮ್ಮ ಕಡೆಯ ಗೋಪುರವನ್ನು ಹಿಮ ಹೊತ್ತು ನಿಂತಂತೆ ನೋಡುವುದು ನನಗೆ ಹೊಸದು. ಸಂಕ್ರಮಣದ ಶನಿವಾರ ನಾನು ಅಲ್ಲಿ ಕುಸುರೆಳ್ಳು ಹಂಚುತ್ತ ನಿಂತಿದ್ದಾಗ ಮಗಳು ಕಿಟಕಿಯಾಚೆ ಓಡಿಹೋದಳು. ಒಳಗೆ ಬರಲಿಲ್ಲ, ನಿಲ್ಲಲೂ ಇಲ್ಲ, ಓಡುತ್ತಲೇ ಕೈ ಮುಗಿದಳು.

ಫ್ರೇಮಿಂಗ್‌ಹ್ಯಾಮಿನಲ್ಲಿ ರೈಲು ಹಳಿ. 1907ರಲ್ಲಿ ಮುಂದಿನ ಕೆಲವರು ದಾಟಿದ್ದೇ ತಡ, ಗೂಡ್ಸ್ ಗಾಡಿಯೊಂದು ಬಂದು ಹಿಂದಿನವರನ್ನೆಲ್ಲ ನಿಲ್ಲಿಸಿಬಿಟ್ಟಿತಂತೆ. ದಾಟಿದವರಲ್ಲಿದ್ದ ಟಾಮ್ ಲಾಂಗ್‌ಬೋಟ್ ಎಂಬ ಕೆನಡಾದ ಮೂಲನಿವಾಸಿ ಯುವಕ ಆ ವರ್ಷ ಗೆದ್ದ. ಗೇಟು ಬಿದ್ದಾಗಿನ ಸಂಕಟ ಧಾರವಾಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೇಟಿಕ್ ದಾಟಿದರೆ ವೆಲ್ಸ್‌ಲಿ; ಅಲ್ಲಿಗೆ ಅರ್ಧ ದಾರಿ. ಅಲ್ಲಿನ ಹೆಣ್ಣುಮಕ್ಕಳ ಕಾಲೇಜಿನ ವಿದ್ಯಾರ್ಥಿನಿಯರು ಓಟದ ದಿನ ಬೇಲಿಗೆ ಆತು ಕೂಗುವ ಕೂಗು ದೂರದಿಂದಲೇ ಕೇಳುತ್ತದಂತೆ. ಜನವರಿಯಲ್ಲಿ ನಾನು ಅಲ್ಲಿ ನಿಂತಾಗ ಕೇಳಿದ್ದು ಹಿಮ ತುಳಿಯುವ ಮೂರು ಜೊತೆ ಬೂಟಿನ ಕರಕರ ಸದ್ದು ಮಾತ್ರ. ಒಬ್ಬಳಾದರೂ ಕೂಗಬೇಕಲ್ಲ ಎಂದು ನಾನೇ ಕೂಗಿದೆ. ಕಾರಿನಲ್ಲಿ ಮೊಮ್ಮಗ ನಾಚಿ ಸೀಟಿನ ಕೆಳಗೆ ಸರಿದ.

ಜನವರಿ ಕೊನೆಯಲ್ಲಿ ಒಂದು ಹಿಮಗಾಳಿ ಬಂತು. ಎರಡು ದಿನ ಕಿಟಕಿಯಾಚೆ ಬಿಳುಪು ಬಿಟ್ಟರೆ ಬೇರೇನಿಲ್ಲ. 2015ರ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ ಒಟ್ಟು 280 ಸೆಂಟಿಮೀಟರಿಗೂ ಹೆಚ್ಚು ಹಿಮ ಬಿದ್ದಿತ್ತು, ಇದು ಯಾವ ಲೆಕ್ಕ ಎಂದ ಅಳಿಯ. ಆ ವಾರ ಮಗಳು ಜಿಮ್ಮಿನ ಯಂತ್ರದ ಪಟ್ಟಿಯ ಮೇಲೆ ಇದ್ದಲ್ಲೇ 22 ಕಿಲೋಮೀಟರ್ ಓಡಿದಳು. ಗಾಣದ ಎತ್ತಿಗಾದರೂ ಸುತ್ತು ಹಾಕಿದ ಸಮಾಧಾನ ಇರುತ್ತದೆ.

ಈ ಹಾದಿಯ ನಿಜವಾದ ಪರೀಕ್ಷೆ ನ್ಯೂಟನ್. ಹಿಟ್ಟಿನ ಡಬ್ಬಿ ಖಾಲಿಯಾಗುವ ಹೊತ್ತಿಗೆ ಸರಿಯಾಗಿ ಈ ಊರಿನ ಏರುಗಳು ಎದುರಾಗುತ್ತವೆ. ಅಗ್ನಿಶಾಮಕ ಠಾಣೆಯ ಬಳಿ ರಸ್ತೆ ಬಲಕ್ಕೆ ತಿರುಗಿದ ಮೇಲೆ ಒಂದಾದಮೇಲೊಂದು. ಕೊನೆಯದು 'ಹಾರ್ಟ್‌ಬ್ರೇಕ್ ಹಿಲ್', ಎದೆ ಒಡೆಯುವ ಗುಡ್ಡ. ಹೆಸರು ಕೇಳಿ ನಾನು ಚಾಮುಂಡಿ ಬೆಟ್ಟವನ್ನು ಕಲ್ಪಿಸಿಕೊಂಡಿದ್ದೆ. ನೋಡಿದರೆ ಬರೀ 27 ಮೀಟರಿನಷ್ಟು ಏರು, ನಮ್ಮ ಧಾರವಾಡದ ದಿಣ್ಣೆಗಳಿಗೆ ತಮ್ಮನಂತಿದೆ. ಆದರೆ ಅದು ಬರುವುದು 32 ಕಿಲೋಮೀಟರ್ ಓಡಿದ ಮೇಲೆ.

ಆ ಹೆಸರಿನ ಹಿಂದೆ ಜಾನಿ ಕೆಲ್ಲಿ ಇದ್ದಾನೆ. 1936ರ ಓಟದಲ್ಲಿ ಮುಂದಿದ್ದ ಎಲಿಸನ್ ಬ್ರೌನ್ ಎಂಬ ನಾರಗಾನ್ಸೆಟ್ ಬುಡಕಟ್ಟಿನ ಯುವಕನನ್ನು ಕೆಲ್ಲಿ ಈ ಏರುಗಳಲ್ಲಿ ಹಿಂದೆ ಹಾಕಿದ. ಹಾಕುವಾಗ ಅವನ ಬೆನ್ನು ತಟ್ಟಿದನಂತೆ. ಆ ತಟ್ಟುವಿಕೆಯಿಂದ ಕೆಣಕಿದಂತಾಗಿ ಬ್ರೌನ್ ಮತ್ತೆ ಎದ್ದು ಓಡಿ ಗೆದ್ದ, ಕೆಲ್ಲಿ ಐದನೆಯವನಾದ. ಇಲ್ಲಿ ಕೆಲ್ಲಿಯ ಎದೆ ಒಡೆಯಿತು ಎಂದು ಪತ್ರಕರ್ತನೊಬ್ಬ ಬರೆದ, ಗುಡ್ಡಕ್ಕೆ ಹೆಸರು ನಿಂತಿತು. ಆದರೆ ಕೆಲ್ಲಿಯ ಎದೆ ಎಲ್ಲಿ ಒಡೆಯಿತು? 1935ರಲ್ಲಿ, 1945ರಲ್ಲಿ ಗೆದ್ದ ಈತ 61 ಸಲ ಈ ಓಟದ ಗೆರೆಯಲ್ಲಿ ನಿಂತ, 58 ಸಲ ಪೂರ್ತಿ ಮಾಡಿದ. ಕೊನೆಯ ಸಲ 1992ರಲ್ಲಿ, ಆಗ ಅವನಿಗೆ 84 ವರ್ಷ.

ನ್ಯೂಟನ್ನಿನ ನಗರಸಭೆಯ ಬಳಿ, ರಸ್ತೆಯ ಪಕ್ಕದಲ್ಲಿ ಅವನ ಪ್ರತಿಮೆ ಇದೆ. ಒಂದಲ್ಲ, ಎರಡು ಆಳು. ಗೆದ್ದ ವರ್ಷದ ಯುವಕ ಕೆಲ್ಲಿಯೂ, 84ರ ಮುದುಕ ಕೆಲ್ಲಿಯೂ ಕೈ ಕೈ ಹಿಡಿದು ಒಟ್ಟಿಗೆ ಓಡುತ್ತಿದ್ದಾರೆ. ಆ ಚಳಿಯಲ್ಲಿ ಯಾರೋ ಮುದುಕನ ಕೊರಳಿಗಷ್ಟೇ ಮಫ್ಲರ್ ಸುತ್ತಿದ್ದರು. "ಇವನು ಇವನ ಅಜ್ಜನಾ?" ಎಂದು ಮೊಮ್ಮಗ ಕೇಳಿದ. ಇಬ್ಬರೂ ಒಬ್ಬನೇ ಎಂದು ತಿಳಿಸಿಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ನನ್ನನ್ನೇ ನೋಡುತ್ತ ನಿಂತ, ನಾನು ಹುಡುಗಿಯಾಗಿದ್ದಾಗ ಹೇಗಿದ್ದೆ ಎಂದು ಲೆಕ್ಕ ಹಾಕುವವನ ಹಾಗೆ.

ಫೆಬ್ರವರಿಯ 29 ಕಿಲೋಮೀಟರಿನ ಓಟಕ್ಕೆ ನಾವು ಕಾಯುತ್ತಿದ್ದುದು ಆ ಪ್ರತಿಮೆಯ ಹತ್ತಿರವೇ. ಮೊಮ್ಮಗನ ನೋಟ್‌ಬುಕ್ಕಿನಲ್ಲಿ ಅಂದು ಸೊನ್ನೆಗಿಂತ 14 ಕೆಳಗೆ ಎಂದಿದೆ. ಗಾಳಿ ಬೇರೆ ಇತ್ತು. ಮೈಯ ಸುತ್ತ ಇರುವ ಬೆಚ್ಚನೆಯ ತೆಳು ಪದರವನ್ನು ಗಾಳಿ ಕಿತ್ತೊಯ್ಯುತ್ತಲೇ ಇರುತ್ತದೆ, ಅದಕ್ಕೇ ಗಾಳಿ ಬೀಸಿದರೆ ಚಳಿ ದುಪ್ಪಟ್ಟು. ನ್ಯೂಟನ್ನಿನಲ್ಲಿ ದೊಡ್ಡ ರಸ್ತೆಯ ಪಕ್ಕ ಒಂದು ಸಣ್ಣ ರಸ್ತೆ ಜೊತೆಜೊತೆಗೆ ಸಾಗುತ್ತದೆ. ಹಿಂದೆ ಸಾರೋಟುಗಳ ಹೆಸರಿನಲ್ಲಿದ್ದ ಆ ರಸ್ತೆ ಈಗ ಶನಿವಾರಗಳಲ್ಲಿ ಓಟಗಾರರದು. ಎಂಥ ಚಳಿಯಲ್ಲೂ ಅಲ್ಲಿ ಹತ್ತಾರು ಜನ. ಪರಸ್ಪರ ಗುರುತಿಲ್ಲದವರು ಎದುರಾದಾಗ ಕೈಗವಸಿನ ಕೈ ಎತ್ತುತ್ತಾರೆ.

ಮಗಳು ಬಂದಾಗ ಕುಂಟುತ್ತಿದ್ದಳು. ಹಿಂದೆಲ್ಲೋ ಕರಗಿದ ಹಿಮದ ಗುಂಡಿಯೊಂದರಲ್ಲಿ ಎಡಗಾಲು ಮುಳುಗಿ ಕಾಲುಚೀಲ ಒದ್ದೆಯಾಗಿತ್ತಂತೆ. ಕಾರಿನೊಳಗೆ ಕೂತು ಅವಳು ಸಹಜವಾಗಿ ಅಂದಳು: "ಬೆರಳು ಜೋಮು ಹಿಡದಾವ ಬೇ. ಮುಟ್ಟಿದ್ದು ಗೊತ್ತಾಗವಲ್ದು."

ಇದೇ ಮಾತನ್ನು ನಾನು ಮೊದಲು ಕೇಳಿದ್ದು ಅವಳಪ್ಪನ ಬಾಯಲ್ಲಿ. ಇದೇ ತೆರನಾಗಿ, ಏನೂ ಆಗಿಲ್ಲವೆಂಬಂತೆ. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಮಂಕು ಮಾಡುತ್ತದೆ, ಗಾಯವಾದರೂ ತಿಳಿಯುವುದಿಲ್ಲ. ಅವರಿಗೂ ತಿಳಿದಿರಲಿಲ್ಲ. ನನ್ನ ಕೈ ನಡುಗಿದ್ದು ಚಳಿಗಲ್ಲ.

ಬೂಟು ಬಿಚ್ಚಿದೆವು. ನಾಲ್ಕು ಬೆರಳು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. ನಾನು ಉಜ್ಜಲು ಹೋದರೆ ಅಳಿಯ ತಡೆದರು. ಹೆಪ್ಪುಗಟ್ಟುವ ಚರ್ಮವನ್ನು ಉಜ್ಜಬಾರದು, ಬಿಸಿ ಗಾಳಿಗೆ, ಕಾದ ನೀರಿಗೆ ಒಡ್ಡಲೂ ಬಾರದು, ಸುಟ್ಟರೂ ಗೊತ್ತಾಗುವುದಿಲ್ಲ. ಮೈಯ ಶಾಖದಿಂದಲೇ ಮೆಲ್ಲಗೆ ಬೆಚ್ಚಗಾಗಬೇಕು. ನಾನು ಅವಳ ಪಾದವನ್ನು ಕೋಟಿನೊಳಗೆ, ಹೊಟ್ಟೆಗೆ ಒತ್ತಿಕೊಂಡು, ಮೇಲೆ ಕೌದಿ ಮುಚ್ಚಿ ಕೂತೆ. ಊರಿನಿಂದ ಒಯ್ದಿದ್ದ ಕೌದಿ ಅದು. ನನ್ನ ಹಳೆಯ ಇಳಕಲ್ ಸೀರೆ, ಅವಳಪ್ಪನ ಧೋತರ ಸೇರಿಸಿ ಹೊಲಿದದ್ದು. ಕಾರಿನೊಳಗೆ ಯಾರೂ ಮಾತಾಡಲಿಲ್ಲ. ಹತ್ತು ನಿಮಿಷವೋ ಹದಿನೈದೋ. ಆಮೇಲೆ ಅವಳು "ಹಾ! ಉರೀಲಿಕ್ಕೆ ಹತ್ತಿತು!" ಎಂದು ಚೀರಿದಳು. ನೋಡಿದರೆ ಬೆರಳುಗಳು ಕೆಂಪಗಾಗುತ್ತಿದ್ದವು. ನೋವಿನ ಕೂಗು ಕೇಳಿ ಅಷ್ಟು ಸಂತೋಷಪಟ್ಟ ತಾಯಿ ಆ ಊರಿನಲ್ಲಿ ಅಂದು ನಾನೊಬ್ಬಳೇ ಇದ್ದಿರಬೇಕು.

ಆರು ಕಿಲೋಮೀಟರ್ ಉಳಿದಿತ್ತು. ಒಣ ಕಾಲುಚೀಲ ಹಾಕಿಕೊಂಡು ಮುಗಿಸುತ್ತೇನೆ ಎಂದಳು. ಅಳಿಯ ನನ್ನ ಮುಖ ನೋಡಿದರು. ನಾನು ಬೇಡ ಎಂದೆ, ಗಟ್ಟಿಯಾಗಿಯೇ ಎಂದೆ. ಒಮ್ಮೆ ಮರಗಟ್ಟಿದ ಬೆರಳು ಅದೇ ದಿನ ಮತ್ತೆ ಮರಗಟ್ಟಿದರೆ ಪೆಟ್ಟು ಹೆಚ್ಚು ಎಂದು ಅವರೂ ಸೇರಿಸಿದರು. ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ಓಡುವವರನ್ನೇ ನೋಡುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಮೊಮ್ಮಗ 23 ಎಂದು ಬರೆದ. ರಾತ್ರಿ ಊಟಕ್ಕೆ ಕೂತಾಗ ಅವಳೇ ಮೊದಲು ಮಾತಾಡಿದಳು, "ಅಪ್ಪನ ಧೋತರ ಇನ್ನೂ ಮೆತ್ತಗ ಅದ ಅಲ್ಲ ಅವ್ವ?"

ಅವಳನ್ನು ಹುರಿದುಂಬಿಸಲು ಅಳಿಯ ಅಂದು ಹೇಳಿದ ಕಥೆಯನ್ನು ಮೊಮ್ಮಗ ಮೂರು ಸಲ ಹೇಳಿಸಿಕೊಂಡ. ಯೂಕಿ ಕಾವಾಉಚಿ ಎಂಬ ಜಪಾನಿ ಆಗ ಪ್ರೌಢಶಾಲೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಸರ್ಕಾರಿ ಕೆಲಸ ಮಾಡುತ್ತ ಬಿಡುವಿನಲ್ಲಿ ಓಡುತ್ತಿದ್ದವನು. 2018ರ ಹೊಸ ವರ್ಷದ ದಿನ ಬಾಸ್ಟನ್ನಿನ ದಕ್ಷಿಣಕ್ಕಿರುವ ಮಾರ್ಷ್‌ಫೀಲ್ಡ್ ಎಂಬಲ್ಲಿ ಒಂದು ಮ್ಯಾರಥಾನ್ ಓಡಿದ. ಸೊನ್ನೆಗಿಂತ 17 ಡಿಗ್ರಿ ಕೆಳಗೆ. ಆ ಓಟವನ್ನು ಪೂರ್ತಿ ಮಾಡಿದವನು ಅವನೊಬ್ಬನೇ. ಅದೇ ಏಪ್ರಿಲಿನಲ್ಲಿ ಬಾಸ್ಟನ್ ಓಟದ ದಿನ ಕೊರೆಯುವ ಮಳೆ, ಎದುರುಗಾಳಿ. ಹೆಸರಾಂತ ಓಟಗಾರರು ಒಬ್ಬೊಬ್ಬರಾಗಿ ಕೈಬಿಟ್ಟರು. ಈ ಗುಮಾಸ್ತ ಗೆದ್ದ.

ಮಾರ್ಚ್ ಬಂದಾಗ ರಸ್ತೆ ಬದಿಯ ಹಿಮದ ಗುಡ್ಡೆಗಳು ಕಪ್ಪಾಗಿ, ಕುಗ್ಗಿ, ಒಳಗಿನಿಂದ ಯಾರದೋ ಕಳೆದುಹೋದ ಕೈಗವಸು, ಚೆಂಡು ಹೊರಬರತೊಡಗಿದವು. ಕೊನೆಯ ಉದ್ದ ಓಟ ಹಾಪ್ಕಿಂಟನ್ನಿನಿಂದ ಹಾರ್ಟ್‌ಬ್ರೇಕ್ ಗುಡ್ಡ ದಾಟಿ ಬಾಸ್ಟನ್ ಕಾಲೇಜಿನ ತನಕ, 34 ಕಿಲೋಮೀಟರ್. ಸೇವಾಸಂಸ್ಥೆಗಳಿಗಾಗಿ ಓಡುವವರು ಅಂದು ಗುಂಪುಗುಂಪಾಗಿ ಬರುತ್ತಾರೆ. ದಾರಿಯೆಲ್ಲ ಜಾತ್ರೆಗೆ ಹೊರಟವರ ಸಾಲಿನಂತಿತ್ತು. ನಾನು ಗುಡ್ಡದ ನೆತ್ತಿಯಲ್ಲಿ ಉಂಡೆಯ ಡಬ್ಬಿ ಹಿಡಿದು ನಿಂತೆ. ಬಂದವರಿಗೆಲ್ಲ ಕೊಟ್ಟೆ. ಯಾರೂ ಏನು ಎಂದು ಕೇಳಲಿಲ್ಲ, ಬಾಯಿಗೆ ಹಾಕಿಕೊಂಡು ಹೋದರು. ಮಗಳು ಬಂದಾಗ ಡಬ್ಬಿಯಲ್ಲಿ ಎರಡೇ ಉಳಿದಿದ್ದವು. ನಾಲ್ಕು ಗಂಟೆಗೆ ಹತ್ತು ನಿಮಿಷ ಇರುವಾಗ ಅವಳು ಮುಗಿಸಿದಳು. ಅಲ್ಲಿಂದ ಮುಂದೆ ಮೂರು ವಾರ ಓಟ ಇಳಿಸುತ್ತ ಬರುವುದು. ಆ ಮೂರು ವಾರ ಮುಗಿಯುವ ಮೊದಲೇ ನಾನು ವಿಮಾನ ಹತ್ತಿದೆ.

ಓಟದ ದಿನ ನಾನು ಧಾರವಾಡದಲ್ಲಿದ್ದೆ. ಅಲ್ಲಿಯ ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ ಅವಳ ಸರದಿ. ನಮಗೆ ರಾತ್ರಿ ಎಂಟೂವರೆಯ ಮೇಲೆ. ಓಟಗಾರರ ಎದೆಯ ಸಂಖ್ಯೆಯಲ್ಲಿ ಒಂದು ಚಿಪ್ಪು ಇರುತ್ತದೆ. ಐದು ಕಿಲೋಮೀಟರಿಗೊಮ್ಮೆ ರಸ್ತೆಗೆ ಹಾಸಿದ ಪಟ್ಟಿಯನ್ನು ತುಳಿದಾಗ ಫೋನಿಗೆ ಸುದ್ದಿ ಬರುತ್ತದೆ. ಪಕ್ಕದ ಮನೆಯ ಇಬ್ಬರು ಹುಡುಗರು ಫೋನು ಹಿಡಿದು ನನ್ನ ಅಂಗಳದಲ್ಲಿ ಕೂತರು. ಹೊರಗೆ ಏಪ್ರಿಲಿನ ಸೆಕೆ, ಬೀಸಣಿಗೆ ಬೀಸುತ್ತ ನಾನು ಹೇಳುತ್ತಿದ್ದೆ: ಈಗ ಲಕ್ಷ್ಮೀ ಗುಡಿ. ಈಗ ರೈಲು ಹಳಿ. ಈಗ ಹುಡುಗಿಯರು ಕೂಗುತ್ತಿದ್ದಾರೆ. ಹನ್ನೆರಡರ ಹೊತ್ತಿಗೆ 30 ಕಿಲೋಮೀಟರಿನ ಸುದ್ದಿ ಬಂತು. ಅಲ್ಲಿಂದ ಕೂಗಳತೆಯಲ್ಲೇ ಆ ಇಬ್ಬರು ಕೆಲ್ಲಿಗಳು. ಹುಡುಗರು ನಿದ್ದೆ ಬಂದು ಮನೆಗೆ ಹೋದರು. 35ರ ಸುದ್ದಿ ಬಂತು. 40ರದು ಬರಲು ಐದು ನಿಮಿಷ ತಡವಾಯಿತು. ಆ ಐದು ನಿಮಿಷ ನಾನು ಅಂಗಳದಲ್ಲೇ ತಿರುಗಾಡಿದೆ.

ನಾಲ್ಕು ಗಂಟೆ ನಲವತ್ತಮೂರು ನಿಮಿಷ ಎಂದು ಫೋನಿನಲ್ಲಿ ಮೂಡಿದಾಗ ನಮ್ಮಲ್ಲಿ ರಾತ್ರಿ ಒಂದೂವರೆ. ಮತ್ತೆ ಅರ್ಧ ಗಂಟೆಗೆ ಅವಳ ಕರೆ ಬಂತು. ಹಿಂದೆ ಗದ್ದಲ, ಯಾರೋ ಕೂಗುವುದು, ಮೊಮ್ಮಗನ ಸಿಳ್ಳೆ.

"ಕಾಲು ಹ್ಯಾಂಗದಾವ?" ಎಂದೆ.

"ಹತ್ತೂ ಬೆರಳು ಅದಾವ ಬೇ," ಎಂದಳು. "ಹತ್ತೂ ನೋಯ್ತಾವ."